ಕೌದಿ ಮುಗಿದ ಮೇಲಿನ ಸೂಜಿ

ಧಾರವಾಡ
ಶ್ರಾವಣದ ಮೊದಲ ವಾರ

ಮುದ್ದಿನ ಮೊಮ್ಮಗಳೇ,

ನೀನು ಕಳಿಸಿದ ಫೋಟೋ ಬಂತು. ಕನ್ನಡಕ ಒರೆಸಿಕೊಂಡು, ಫೋನಿನ ಮೇಲೆ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿದೆ. 14 ತಿಂಗಳು ಹಿಡಿದ ಕೌದಿ! ಎಡಗಡೆ ನಾಲ್ಕು ಸಾಲು ಡೊಂಕಾಗಿವೆ, ಅಲ್ಲಿಂದ ಮುಂದೆ ಕೈ ಕುದುರಿದೆ. ಆ ಡೊಂಕು ಸಾಲುಗಳನ್ನು ಬಿಚ್ಚಬೇಡ. ನಿನ್ನ ಕೈ ಎಲ್ಲಿ ಕಲಿಯಿತು ಎಂಬುದು ಅಲ್ಲಿ ಬರೆದಿದೆ, ಅದು ಹಾಗೇ ಇರಲಿ.

ಫೋಟೋದ ಕೆಳಗೆ ನೀನು ಬರೆದದ್ದನ್ನೂ ಓದಿದೆ. ಇನ್ನೊಂದು ಕೌದಿ ಹಿಡಿಯುವ ಧೈರ್ಯ ಸದ್ಯಕ್ಕಿಲ್ಲ, ಕೈ ಮಾತ್ರ ಖಾಲಿ ಅನಿಸುತ್ತಿದೆ, ಉಳಿದ ಚೂರುಗಳಲ್ಲಿ ಸಣ್ಣಪುಟ್ಟ ಏನಾದರೂ ಹೊಲಿದರೆ ಟೈಂಪಾಸ್ ಆದೀತು ಅಂದಿದ್ದೀ. ಆ 'ಟೈಂಪಾಸ್' ಎಂಬ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ ಮಗಳೇ. ಅದಕ್ಕೇ ಇಷ್ಟುದ್ದದ ಪತ್ರ.

ನಮ್ಮ ಕಡೆ ವರ್ಷವಿಡೀ ಕೌದಿಯನ್ನೇ ಹೊಲಿದವರನ್ನು ನಾನು ನೋಡಿಲ್ಲ. ಕೌದಿ ಬೇಸಿಗೆಯ ಕೆಲಸ. ಸುಗ್ಗಿ ಮುಗಿದು, ಕಾಳುಕಡಿ ಒಳಗೆ ಸೇರಿ, ಅಂಗಳ ಒಣಗಿ ಬೆಚ್ಚಗಾದ ಮೇಲೆ ಹಳೇ ಸೀರೆ ಹಾಸಿ, ಮೇಲೆ ತುಂಡು ಜೋಡಿಸಿ, ನಾಲ್ಕು ಮಂದಿ ನಾಲ್ಕು ದಿಕ್ಕಿಗೆ ಕೂತು ಟಾಕು ಹಾಕುತ್ತಿದ್ದರು. ಮಳೆ ಹಿಡಿಯಿತೋ, ಅಷ್ಟಗಲದ ಬಟ್ಟೆ ಹರವಲು ಒಳಗೆ ಜಾಗ ಎಲ್ಲಿ? ಆಗ ಶುರುವಾಗುತ್ತಿತ್ತು ತೊಡೆಯ ಮೇಲೆ ಹಿಡಿಸುವ ಹೊಲಿಗೆ. ಕುಂಚಿಗೆ, ಕುಲಾಯಿ, ಸಂಚಿ, ಸಿಂಬಿ, ಎತ್ತಿನ ಜೂಲ, ತೋರಣ, ಕೂಸಿನ ದುಪ್ಪಟಿ. ಇವುಗಳಿಂದ ಉಳಿದ ಚೂರುಗಳೇ ಗಂಟಾಗಿ ಅಟ್ಟ ಸೇರಿ ಮುಂದಿನ ಬೇಸಿಗೆಗೆ ಕೌದಿಯಾಗುತ್ತಿದ್ದವು. ನೀನು ತಿಳಿದಂತೆ ಕೌದಿಯಿಂದ ಉಳಿದದ್ದು ಸಣ್ಣ ಹೊಲಿಗೆಯಲ್ಲ, ಸಣ್ಣ ಹೊಲಿಗೆಯಿಂದ ಉಳಿದದ್ದೇ ಕೌದಿ.

ಮೊದಲು ಕುಂಚಿಗೆಯ ಮಾತು, ಯಾಕೆಂದು ಆಮೇಲೆ ಹೇಳುತ್ತೇನೆ. ಕೂಸಿನ ತಲೆ, ಕಿವಿ, ಬೆನ್ನು ಮೂರನ್ನೂ ಒಂದೇ ಬಟ್ಟೆಯಲ್ಲಿ ಬೆಚ್ಚಗಿಡುವ ಉಡುಪು ಅದು. ಕತ್ತರಿಯ ಕೆಲಸವೇ ಇಲ್ಲ. 27 ಇಂಚು ಉದ್ದ, 18 ಇಂಚು ಅಗಲದ ತುಂಡು ತಗೋ. ಉದ್ದುದ್ದಕ್ಕೆ ಮಡಚಿದರೆ 9 ಇಂಚಿನ ಅಗಲ ಉಳಿಯುತ್ತದೆ. ಮೇಲಿನ ಗಿಡ್ಡ ಅಂಚನ್ನಷ್ಟೇ ಹೊಲಿ. ಮಡಿಕೆ ತಲೆಯ ಹಿಂದಕ್ಕೆ ಹೋಗುತ್ತದೆ, ಬಿಚ್ಚಿದ ಬದಿ ಮುಖದ ಸುತ್ತ ಬರುತ್ತದೆ, ಉಳಿದದ್ದೆಲ್ಲ ಬೆನ್ನ ಮೇಲೆ ಇಳಿಬೀಳುತ್ತದೆ. ಕತ್ತಿನ ಹತ್ತಿರ ನಾಲ್ಕಾರು ನೆರಿಗೆ ಹಿಡಿದು ಕಸೆ ಹಚ್ಚಿದರೆ ಮುಗಿಯಿತು. ಹಿಂದಿನ ಮೊನೆಗೆ ಒಂದು ಗೊಂಡೆ ಕಟ್ಟಬೇಕು. ಕೂಸು ತಲೆ ತಿರುಗಿಸಿದಾಗಲೆಲ್ಲ ಅದು ತೂಗಾಡುವ ಚೆಂದ ನೋಡಿಯೇ ತೀರಬೇಕು. ಹೊರಗಿನ ಪದರಕ್ಕೆ ಇಳಕಲ್ ಸೀರೆಯ ತುಂಡೋ ಗುಳೇದಗುಡ್ಡದ ಖಣವೋ ಇದ್ದರೆ ಚೆಲುವು, ಆದರೆ ಒಳಗಿನ ಪದರ ಮಾತ್ರ ನೂರು ಸಲ ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆಯೇ ಆಗಬೇಕು.

ಈ ಒಳಪದರದ ಪಾಠ ನಾನು ಕಲಿತದ್ದು ನಿಮ್ಮ ಅಪ್ಪನಿಂದ. ಅವನು ಹುಟ್ಟಿದಾಗ ನಾನೇ ಹುರುಪಿನಿಂದ ಒಂದು ಕುಲಾಯಿ, ಅಂದರೆ ಕೂಸಿನ ಟೋಪಿ, ಹೊಲಿದೆ. ಅಂಚಿಗೆ ಜರಿ, ಒಳಗೆ ಎದ್ದು ನಿಂತ ಹೊಲಿಗೆಯ ಗೆರೆ. ಸಂಜೆಯ ಹೊತ್ತಿಗೆ ಕೂಸಿನ ಕಿವಿಯ ಹಿಂದೆ ಕೆಂಪಾಗಿ ಬರೆ ಬಿದ್ದಿತ್ತು. ನನಗೆ ಅಳು ಬಂತು. ನಮ್ಮ ಅತ್ತೆ ಒಂದು ಮಾತೂ ಆಡದೆ ಕುಲಾಯಿ ಇಸಿದುಕೊಂಡು ಇಡೀ ಬಿಚ್ಚಿ, ಜರಿ ತೆಗೆದು, ಹೊಲಿಗೆಯ ಗೆರೆ ಹೊರಗೆ ಬರುವಂತೆ ತಿರುವಿ, ಅದರ ಮೇಲೆ ಬಣ್ಣದ ಪಟ್ಟಿ ಕೂಡಿಸಿ ಹೊಲಿದುಕೊಟ್ಟರು. ಕೂಸಿನ ಬಟ್ಟೆಯಲ್ಲಿ ಚಂದದ ಬದಿ ಒಳಗಿನದು, ಮೈಗೆ ಹತ್ತುವ ಬದಿ. ಕೌದಿಯಲ್ಲಿ ನೀನು ಮೇಲಿನ ತುಂಡುಗಳ ಬಣ್ಣಕ್ಕೆ ಎಷ್ಟು ತಲೆ ಕೆಡಿಸಿಕೊಂಡೆಯೋ ಅಷ್ಟೇ ಯೋಚನೆ ಇಲ್ಲಿ ಒಳಪದರಕ್ಕೆ ಬೇಕು.

ಇನ್ನು ಕಸೂತಿ. ನೀನು ಸಣ್ಣವಳಿದ್ದಾಗ ಕಸೂತಿ ಹಾಕಿದ ನನ್ನ ಚಂದ್ರಕಾಳಿ ಸೀರೆಯ ಸೆರಗು ಹಿಡಿದು, ಇದು ನನಗೆ ಯಾವತ್ತೂ ಬರೋದಿಲ್ಲ ಅಂದಿದ್ದೆ. ಅರ್ಧ ಕಸೂತಿ ನಿನ್ನ ಕೈಗೆ ಆಗಲೇ ಬಂದಿದೆ ಮಗಳೇ, ನಿನಗೆ ಗೊತ್ತಾಗಿಲ್ಲ ಅಷ್ಟೆ. ಕೌದಿಯಲ್ಲಿ ಸೂಜಿ ಮುಳುಗುತ್ತ ಏಳುತ್ತ ಒಂದೇ ದಿಕ್ಕಿಗೆ ಹೋಗುತ್ತದೆ. ಸಾಲು ಮುಗಿದರೆ ತಿರುಗಿ ಪಕ್ಕದ ಸಾಲು ಹಿಡಿಯುತ್ತದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಅದೇ ಸೂಜಿ ಹೋದ ದಾರಿಯಲ್ಲೇ ವಾಪಸು ಬರುತ್ತದೆ, ಹೋಗುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಬರುತ್ತದೆ. ಗೆರೆ ಕೂಡಿಕೊಳ್ಳುತ್ತದೆ. ಗಂಟು ಹಾಕುವ ಹಾಗಿಲ್ಲ, ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಮೂಡಬೇಕು. ಅದೇ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಮುರ್ಗಿ. ನೇಯ್ದಂತೆ ಕಾಣುವುದು ನೇಯ್ಗಿ, ಮೆಂತ್ಯದ ಕಾಳು ಚೆಲ್ಲಿದಂತೆ ಅಡ್ಡಡ್ಡ ದಾಟುವುದು ಮೆಂತಿ. ಈ ನಾಲ್ಕೇ ಹೊಲಿಗೆಯಲ್ಲಿ ತುಳಸಿಕಟ್ಟೆ, ಗೋಪುರ, ತೇರು, ಆನೆ, ನವಿಲು ಎಲ್ಲ ಬರುತ್ತವೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇರುವುದಿಲ್ಲ, ಎಳೆ ಎಣಿಸಿಯೇ ನಡೆಯಬೇಕು. ಕಷ್ಟ ಇರುವುದು ಬೆರಳಿಗಲ್ಲ, ತಲೆಗೆ. ತಿರುಗಿ ಬರುವ ದಾರಿ ಎಲ್ಲೂ ಕಟ್ಟಿಹೋಗದಂತೆ ಹೋಗುವ ದಾರಿಯನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಲೆಕ್ಕದಲ್ಲಿ ಚುರುಕಾದ ನಿನಗೆ ಇದು ಹಿಡಿಸುತ್ತದೆ. ಎಳೆ ಎಣಿಸಲು ಸುಲಭವಾಗುವ ಮ್ಯಾಟಿ ಬಟ್ಟೆಯಲ್ಲಿ ಒಂದು ಅಂಗೈಯಗಲ ತುಳಸಿಕಟ್ಟೆ ಮಾಡಿ ನೋಡು. ಸೀರೆಗೆ ಈಗಲೇ ಕೈ ಹಾಕಬೇಡ.

ಆ ಅಂಗೈಯಗಲದ ತುಂಡು ಏನಾಗಬೇಕು ಅಂತೀಯಾ? ಸಂಚಿಯ ಮುಚ್ಚಳ. ನಿಮ್ಮ ಅಜ್ಜನ ಎಲೆಅಡಿಕೆ ಸಂಚಿ ನಿನಗೆ ನೆನಪಿರಬೇಕು. ಒಂದರ ಹಿಂದೊಂದು ನಾಲ್ಕು ಅರೆ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಲವಂಗ-ಕಾಚಿಗೊಂದು. ದಾರ ಎಳೆದರೆ ನಾಲ್ಕೂ ಬಾಯಿ ಒಟ್ಟಿಗೆ ಮುಚ್ಚುತ್ತಿದ್ದವು. ನಿನಗೆ ಎಲೆಅಡಿಕೆ ಬೇಡ. ಚಾರ್ಜರಿನ ವೈರು, ಕಿವಿಯೋಲೆ, ಮೆಟ್ರೋ ಕಾರ್ಡು, ಚಿಲ್ಲರೆ ಹಾಕಿಕೋ. ಅರೆಗಳ ಬಟ್ಟೆಗೆ ಕೌದಿಯಂತೆಯೇ ಎರಡು ಪದರ ಕೂಡಿಸಿ ಸಾಲು ಹೊಲಿದರೆ ವರ್ಷಗಟ್ಟಲೆ ಹರಿಯುವುದಿಲ್ಲ.

ಕೌದಿ ಹೊಲಿದ ಕೈ ಹೀಗೆ ಬೇರೆ ಕಡೆ ಹರಿದದ್ದು ನಮ್ಮಲ್ಲಷ್ಟೇ ಅಲ್ಲ. ಬಂಗಾಳದ ಹೆಂಗಸರು ಹಳೇ ಸೀರೆ ಪದರಿಸಿ ಕಾಂಥಾ ಹೊಲಿಯುತ್ತಾರಲ್ಲ, ಅದೇ ಹೊಲಿಗೆಯಲ್ಲಿ ಪುಸ್ತಕ ಸುತ್ತಿಡುವ ಬಟ್ಟೆ, ಕನ್ನಡಿ-ಬಾಚಣಿಗೆ ಸುತ್ತುವ ಬಟ್ಟೆ, ದಿಂಬಿನ ಚೀಲ, ದುಡ್ಡಿನ ಚೀಲ ಎಲ್ಲ ಮಾಡುತ್ತಿದ್ದರು. ಕನ್ನಡಿ ಸುತ್ತುವ ಬಟ್ಟೆಗೆ ಆರ್ಶಿಲತಾ ಅಂತ ಹೆಸರು, ಎಷ್ಟು ಚೆಂದ! ಹೊಲಿಯುವ ಬಣ್ಣದ ನೂಲನ್ನೂ ಅವರು ಹಳೇ ಸೀರೆಯ ಅಂಚಿನಿಂದಲೇ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿದ್ದರು. ಹಾಗೇ ನಮ್ಮ ಲಂಬಾಣಿ ತಾಂಡಾಗಳಲ್ಲಿ ಕೊಡ ಹೊರುವ ಸಿಂಬಿಗೂ ಕವಡೆ ಕೂಡಿಸಿ ಸಿಂಗಾರ ಮಾಡುತ್ತಾರೆ. ನೀರಿನ ಕೊಡದ ಕೆಳಗೆ, ತಲೆಯ ಮೇಲೆ ಇರುವ ವಸ್ತು ಅದು. ಅದಕ್ಕೂ ಅಷ್ಟು ಅಕ್ಕರೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿಯಿಂದ ನೀನು ಒಂದು ಸಂಗತಿ ಎರವಲು ತರಬೇಕು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನ ಕೂಡಿಸುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ, ಅಂದರೆ ಹೂವು. ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂಬ ಭಾವನೆ ಅವರದು. ಅಂಥದೊಂದು ತ್ರಿಕೋನ ಮಾಡುವುದು ಹೀಗೆ: ಚೌಕ ತುಂಡನ್ನು ಮೂಲೆಗೆ ಮೂಲೆ ಸೇರಿಸಿ ಮಡಚು, ಮತ್ತೊಮ್ಮೆ ಹಾಗೇ ಮಡಚು. ಕತ್ತರಿಸಿದ ಅಂಚೆಲ್ಲ ಉದ್ದನೆಯ ಬದಿಗೆ ಬಂದು ಸೇರಿರುತ್ತದೆ. ಆ ಬದಿಯನ್ನು ಹೊಲಿಗೆಯೊಳಗೆ ಸೇರಿಸಿಬಿಟ್ಟರೆ ಎಳೆ ಬಿಚ್ಚುವ ಮಾತೇ ಇಲ್ಲ. ನನ್ನ ತವರಿನಲ್ಲಿ ಕಾರಹುಣ್ಣಿವೆಗೆ ಎತ್ತಿನ ಮೈಮೇಲೆ ಹಾಕುತ್ತಿದ್ದ ಜೂಲದ ಅಂಚಿಗೂ ಇಂಥವೇ ಕೆಂಪು, ಹಳದಿ, ಹಸಿರು ತ್ರಿಕೋನಗಳ ಸಾಲಿತ್ತು, ನಡುನಡುವೆ ಸಣ್ಣ ಕನ್ನಡಿ. ಎತ್ತು ಓಡುವಾಗ ಇಡೀ ಅಂಚು ಪಟಪಟನೆ ಹಾರಾಡುತ್ತಿತ್ತು. ಮೂರನೇ ಮಹಡಿಯ ನಿನ್ನ ಮನೆಗೆ ಎತ್ತು ಬರುವುದಿಲ್ಲ, ಆದರೆ ಬಾಗಿಲಿದೆ. ಅಂಥ ತ್ರಿಕೋನ ಇಪ್ಪತ್ತೊಂದು ಮಾಡಿ ಒಂದು ಪಟ್ಟಿಗೆ ಹೊಲಿ, ತೋರಣವಾಗುತ್ತದೆ. ನಿನ್ನ ಕೌದಿಯ ಬಣ್ಣಗಳೇ ಹೊಸ್ತಿಲ ಮೇಲೆ ತೂಗುತ್ತವೆ.

ಈಗ ಕುಂಚಿಗೆಯನ್ನು ಮೊದಲು ಹೇಳಿದ ಕಾರಣ. ನಿನ್ನ ಅತ್ತಿಗೆಗೆ ನವರಾತ್ರಿಯ ಹೊತ್ತಿಗೆ ದಿನ ತುಂಬುತ್ತವೆ. ನಿನ್ನ ಕೌದಿ ನಿನಗೇ ಇರಲಿ, ಆ ಕೂಸಿನ ಮೊದಲ ಕುಂಚಿಗೆ ಮಾತ್ರ ನೀನೇ ಹೊಲಿಯಬೇಕು ಅಂತ ನನ್ನಾಸೆ. ನನ್ನ ಕಣ್ಣಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಎದುರು ಮನೆಯ ಹುಡುಗ ಬೆಳಿಗ್ಗೆ ಬಂದು ಆರು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾನೆ, ಆರು ಮುಗಿದರೆ ನನ್ನ ಅವತ್ತಿನ ಹೊಲಿಗೆ ಮುಗಿಯಿತು.

ನಾಳೆ ಒಂದು ಗಂಟು ಕಳಿಸುತ್ತಿದ್ದೇನೆ. ಅದರಲ್ಲಿ ನಮ್ಮ ಅತ್ತೆಯವರ ಹಸಿರು ಇಳಕಲ್ ಸೀರೆಯ ತುಂಡಿದೆ, ಒಳಪದರಕ್ಕೆ ನಿಮ್ಮ ಅಜ್ಜನ ಧೋತರದ ಅರ್ಧ ಇದೆ, ವೃತ್ತಪತ್ರಿಕೆಯಲ್ಲಿ ಕತ್ತರಿಸಿದ ಅಳತೆ ಇದೆ. ನಿಮ್ಮ ಅಪ್ಪನ ಆ ಕುಲಾಯಿಯನ್ನೂ ಇಟ್ಟಿದ್ದೇನೆ, ಹೊರಗಿನ ಪಟ್ಟಿಯ ಹೊಲಿಗೆ ಹೇಗಿದೆ ಎಂದು ನೋಡಿಕೊಂಡು ಜೋಪಾನವಾಗಿ ವಾಪಸು ಕಳಿಸು. ಧೋತರವನ್ನು ಇನ್ನೊಮ್ಮೆ ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಆಮೇಲೆ ಮಡಚು. ಗೊಂಡೆಗೆ ಕೆಂಪು ನೂಲೇ ಹಾಕು.

ನಿನ್ನ
ಅಜ್ಜಿ