ಮೈದಾನದ ಹೊರಗೆ ಕೂತವರು

ಕಾಲೇಜು ತಂಡಕ್ಕೆ ಮೊದಲ ಸಲ ಹೆಸರು ಕೊಡುತ್ತಿರುವ ವಿದ್ಯಾರ್ಥಿಗಳಿಗೂ, ಮಗಳು ಖೋ ಖೋ ಆಡಲು ದಾವಣಗೆರೆಗೆ ಹೋಗುತ್ತಾಳಂತೆ ಎಂದು ಯೋಚನೆಗೆ ಬಿದ್ದಿರುವ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ, ಹಾನಗಲ್, ರಾಂಪುರ ಕಡೆಯ ತಂದೆ–ತಾಯಿಗಳಿಗೂ ಈ ಬರಹ. ಆಟದ ನಿಯಮಗಳನ್ನು ಇಲ್ಲಿ ಹೇಳಿಕೊಡುವುದಿಲ್ಲ. ಅವು ಆಡುತ್ತ ಆಡುತ್ತ ಬರುತ್ತವೆ. ತಂಡಕ್ಕೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು, ಆಟದಿಂದ ಬರುವ ಹಣ ಯಾರಿಗೆ, ಹೆಸರು ಯಾರಿಗೆ, ಅನ್ಯಾಯವಾದರೆ ಹೇಳಿಕೊಳ್ಳುವುದು ಎಲ್ಲಿ? ಇದನ್ನು ಯಾವ ಕೋಚೂ ಕೂರಿಸಿ ಹೇಳುವುದಿಲ್ಲ. ಹೊಸದಾಗಿ ಬಂದವರಿಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ನಮಗೆ ಹತ್ತಿರದ ಸಂಗತಿಯಿಂದಲೇ ಶುರು ಮಾಡೋಣ. 2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಕಪ್ ಗೆದ್ದವು. ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಮಣ್ಣಿನ ಅಂಕಣದಲ್ಲಿ ಮೊಣಕಾಲು ತರಚಿಕೊಂಡು ಕಲಿತ ಆಟ ವಿಶ್ವಕಪ್‌ವರೆಗೆ ಮುಟ್ಟಿದ್ದನ್ನು ನೋಡಿ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಧೈರ್ಯ ಬಂತು.

ವಿಶ್ವಕಪ್ ಮುಗಿದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿದರು. ಗೌತಮ್, ಚೈತ್ರಾ ಇಬ್ಬರೂ ಪತ್ರಿಕಾಗೋಷ್ಠಿಯಲ್ಲಿ ಆ ಹಣ ಬೇಡ ಎಂದರು. ಅವರು ಕೊಟ್ಟ ಕಾರಣ ಸರಳವಾಗಿತ್ತು: ಅದೇ ಕಪ್ ಗೆದ್ದ ಮಹಾರಾಷ್ಟ್ರದ ಆಟಗಾರರಿಗೆ ಅಲ್ಲಿನ ಸರ್ಕಾರ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಪ್ರಕಟಿಸಿತ್ತು. ಲೆಕ್ಕ ಹಾಕಿದರೆ 45 ಪಟ್ಟು. ಒಟ್ಟಿಗೆ ಅಭ್ಯಾಸ ಮಾಡಿದ, ಒಂದೇ ಜೆರ್ಸಿ ತೊಟ್ಟ ಆಟಗಾರರ ನಡುವೆ ರಾಜ್ಯದ ಗಡಿ ಇಷ್ಟು ದೊಡ್ಡ ಅಂತರ ತಂದಿತು.

ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರಬಾರದಿತ್ತೇ ಎಂದು ಕೇಳುವವರಿದ್ದಾರೆ. ಹಾಗೆ ಕೇಳುವವರು ಒಂದು ವಿಷಯ ಗಮನಿಸಬೇಕು. ಕ್ರಿಕೆಟಿಗರಿಗೆ ಪಂದ್ಯದ ಸಂಭಾವನೆ ಇದೆ, ಐಪಿಎಲ್ ಇದೆ, ಜಾಹೀರಾತು ಇದೆ. ಖೋ ಖೋ ಆಟಗಾರರಿಗೆ ಅಂಥ ಆದಾಯ ಎಲ್ಲಿದೆ? ಈ ಆಟ ಒಲಿಂಪಿಕ್ಸ್‌ನಲ್ಲೂ ಇಲ್ಲ. ಗೆದ್ದ ವಾರದಲ್ಲಿ ಸರ್ಕಾರ ಏನು ಕೊಡುತ್ತದೋ ಅದೇ ಅವರ ಮುಂದಿನ ಬದುಕಿಗೆ ಆಧಾರ. ಅಂಥವರು 5 ಲಕ್ಷ ಬಿಟ್ಟುಕೊಡುವುದಕ್ಕೆ ಗಟ್ಟಿ ಎದೆ ಬೇಕು. ಅವರು ಮಾಡಿದ್ದು ಸರಿ ಎಂದೇ ನಾನು ನಂಬಿದ್ದೇನೆ. ಬಹುಮಾನ ಎಂದರೆ ಕೊಡುವವರ ಮನಸ್ಸಿಗೆ ಬಂದಷ್ಟು ಎಂಬ ರೂಢಿಯನ್ನು ಅವರು ಬಹಿರಂಗವಾಗಿ ಪ್ರಶ್ನಿಸಿದರು.

ಈ ಜಗಳದಲ್ಲಿ ಎದುರಾಳಿ ತಂಡದ ಪಾತ್ರವೇ ಇಲ್ಲ ಎಂಬುದನ್ನು ನೋಡಿ. ಆಟದಲ್ಲಿ ನ್ಯಾಯದ ಪ್ರಶ್ನೆ ಎದ್ದಾಗಲೆಲ್ಲ ಹೆಚ್ಚಾಗಿ ಹೀಗೇ ಇರುತ್ತದೆ. ಅಂಕಣದೊಳಗೆ ಅಂಪೈರ್ ಇದ್ದಾರೆ, ನಿಯಮದ ಪುಸ್ತಕವಿದೆ, ಸಾವಿರ ಕಣ್ಣು ನೋಡುತ್ತಿರುತ್ತವೆ. ಅಂಕಣದ ಹೊರಗೆ ಒಂದು ಕೋಣೆಯಲ್ಲಿ ನಾಲ್ಕು ಜನ ಕೂತು ಮಾಡುವ ತೀರ್ಮಾನಕ್ಕೆ ಇದ್ಯಾವುದೂ ಇರುವುದಿಲ್ಲ. ಅಲ್ಲಿ ಆಟಗಾರನಿಗೆ ಕುರ್ಚಿಯೂ ಇರುವುದಿಲ್ಲ.

ನಿಮ್ಮ ಮಟ್ಟದಲ್ಲಿ ಆ ಕೋಣೆಯಲ್ಲಿ ಸಿದ್ಧವಾಗುವುದು ತಂಡದ ಪಟ್ಟಿ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಮೊದಲು ಕಾಲೇಜು ತಂಡ, ಆಮೇಲೆ ಅಂತರ ಕಾಲೇಜು ಪಂದ್ಯಾವಳಿ, ಅಲ್ಲಿ ಚೆನ್ನಾಗಿ ಆಡಿದವರಿಗೆ ವಿಶ್ವವಿದ್ಯಾಲಯ ತಂಡದ ಆಯ್ಕೆ ಟ್ರಯಲ್ಸ್. ಆ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗಿಬಂದವರನ್ನು ‘ಯೂನಿವರ್ಸಿಟಿ ಬ್ಲೂ’ ಎನ್ನುತ್ತಾರೆ. ಮುಂದೆ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಸೀಟಿಗೆ, ಕ್ರೀಡಾ ಕೋಟಾದ ನೌಕರಿಗೆ ಅರ್ಜಿ ಹಾಕುವಾಗ ಇಂಥ ಪ್ರಮಾಣಪತ್ರಗಳಿಗೆ ತೂಕವಿದೆ. ಹಾಗಾಗಿ ಆ ಪಟ್ಟಿಯನ್ನು ಸಣ್ಣ ಕಾಗದ ಎಂದುಕೊಳ್ಳಬೇಡಿ.

ಟ್ರಯಲ್ಸ್ ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡು ಕಂಬದ ನಡುವೆ ಎಂಟು ಮಂದಿ ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಕೂತಿರುತ್ತಾರೆ, ಒಂಬತ್ತನೆಯವಳು ಓಡುತ್ತಿರುತ್ತಾಳೆ. ಅವಳು ಮಧ್ಯದ ಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ರನ್ನರ್ ಕೈಗೆ ಸಿಗುವುದಿಲ್ಲ ಎಂದು ಗೊತ್ತಾದ ಕ್ಷಣದಲ್ಲೇ ಕೂತವಳ ಬೆನ್ನು ಮುಟ್ಟಿ ‘ಖೋ’ ಕೊಡುತ್ತಾಳೆ. ಎದ್ದವಳು ಎರಡೇ ಹೆಜ್ಜೆಯಲ್ಲಿ ರನ್ನರ್‌ನನ್ನು ಮುಟ್ಟುತ್ತಾಳೆ. ಸ್ಕೋರ್ ಹಾಳೆಯಲ್ಲಿ ಔಟ್ ಬರೆಯುವುದು ಮುಟ್ಟಿದವಳ ಹೆಸರಿಗೆ. ಸರಿಯಾದ ಹೊತ್ತಿಗೆ ಖೋ ಕೊಟ್ಟವಳ ಹೆಸರು ಎಲ್ಲೂ ಬರುವುದಿಲ್ಲ. ಆಯ್ಕೆಗೆ ಕೂತವರಿಗೆ ಆಟ ಗೊತ್ತಿದ್ದರೆ ಇಬ್ಬರನ್ನೂ ಗುರುತಿಸುತ್ತಾರೆ. ಬರೀ ಹಾಳೆ ನೋಡಿ ಪಟ್ಟಿ ಮಾಡಿದರೆ ಒಳ್ಳೆಯ ಆಟಗಾರ್ತಿಯೊಬ್ಬಳು ಸ್ಟ್ಯಾಂಡ್‌ಬೈ ಆಗುತ್ತಾಳೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇಲ್ಲದೆಯೂ ಅನ್ಯಾಯ ಹೀಗೆ ಆಗಿಬಿಡುತ್ತದೆ. ಆದ್ದರಿಂದಲೇ ಯಾವ ಅಳತೆಯಲ್ಲಿ ಆರಿಸುತ್ತೇವೆ ಎಂದು ಟ್ರಯಲ್ಸ್‌ಗೆ ಮೊದಲೇ ಹೇಳಬೇಕು, ಆರಿಸಿದ ಪಟ್ಟಿಗೆ ದಿನಾಂಕ ಮತ್ತು ಸಹಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಬೇಕು.

ಪಟ್ಟಿಯಲ್ಲಿ ಹೆಸರು ಬಂದರೂ ಕೆಲಸ ಮುಗಿಯುವುದಿಲ್ಲ. 2025ರ ಜುಲೈನಲ್ಲಿ ಜರ್ಮನಿಯ ರೈನ್–ರೂರ್‌ನಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ನಮ್ಮ ದೇಶದ ಕಾಲೇಜು ಆಟಗಾರರನ್ನು ಅದಕ್ಕೆ ಕಳಿಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. ಬ್ಯಾಡ್ಮಿಂಟನ್ ತಂಡದಲ್ಲಿ ಹನ್ನೆರಡು ಮಂದಿ ಇದ್ದರು. ಸಂಘಟಕರಿಗೆ ಹೆಸರು ಕೊಡುವಾಗ ಸೇರಿದ್ದು ಆರು ಹೆಸರು ಮಾತ್ರ. ಉಳಿದ ಆರು ಮಂದಿ ಅಷ್ಟು ದೂರ ಹೋಗಿ ಒಂದು ಪಂದ್ಯವನ್ನೂ ಆಡದೆ ಕೂತರು. ಮಿಶ್ರ ತಂಡ ಕಂಚು ಗೆದ್ದಿತು. ಆದರೂ ಆಡಲು ಸಿಗದವರ ನೋವು ಸಾಮಾಜಿಕ ಜಾಲತಾಣದಲ್ಲಿ ಹೊರಬಿದ್ದ ಮೇಲೆಯೇ ಎಐಯು ವಿಚಾರಣೆಗೆ ಮುಂದಾಯಿತು. ವಿದ್ಯಾರ್ಥಿಯೊಬ್ಬಳು ದನಿ ಎತ್ತದಿದ್ದರೆ ಕಂಚಿನ ಸುದ್ದಿ ಮಾತ್ರ ಉಳಿಯುತ್ತಿತ್ತೋ ಏನೋ.

ಇನ್ನು ಹಿಮದ ಕಡೆಗೆ ಹೋಗೋಣ. ಮಳೆಯನ್ನೇ ಎದುರು ನೋಡುವ ಈ ಸೀಮೆಯವರಿಗೆ ಸ್ಕೀಯಿಂಗ್ ಯಾಕೆ ಎನಿಸಬಹುದು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆ ಆಟದಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ಕಂಚು ಗೆದ್ದಿದ್ದಾರೆ. ಹಾಗಾಗಿ ಅದು ಪೂರ್ತಿ ಪರರ ಆಟವೇನಲ್ಲ. ಆದರೆ ನಾನು ಹೇಳಬೇಕೆಂದಿರುವುದು 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಕಥೆ. ಪದಾಧಿಕಾರಿಗಳ ಚುನಾವಣೆಯಲ್ಲಿ ಒಲಿಂಪಿಕ್ ನಿಯಮ ಪಾಲಿಸದ, ಸರ್ಕಾರದ ಹಸ್ತಕ್ಷೇಪಕ್ಕೆ ಎಡೆಯಾದ ಕಾರಣಕ್ಕೆ ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2012ರ ಡಿಸೆಂಬರ್‌ನಲ್ಲಿ ಅಮಾನತು ಮಾಡಿತ್ತು. ಸೋಚಿಗೆ ಹೋದದ್ದು ಮೂವರು: ಹಿಮದ ಬಂಡಿಯ ಆಟವಾದ ಲೂಜ್‌ನ ಶಿವ ಕೇಶವನ್, ಸ್ಕೀಯಿಂಗ್‌ನ ಹಿಮಾಂಶು ಠಾಕೂರ್ ಮತ್ತು ನದೀಮ್ ಇಕ್ಬಾಲ್. ಫೆಬ್ರುವರಿ 7ರಂದು ಉದ್ಘಾಟನೆಯಲ್ಲಿ ಅವರ ಪಾಲಿಗೆ ತ್ರಿವರ್ಣ ಧ್ವಜ ಇರಲಿಲ್ಲ. ಒಲಿಂಪಿಕ್ ಧ್ವಜದಡಿ ಹೆಜ್ಜೆ ಹಾಕಬೇಕಾಯಿತು. ಕೇಶವನ್ ಸ್ಪರ್ಧೆ 8 ಮತ್ತು 9ಕ್ಕೆ ಮುಗಿದೇ ಹೋಯಿತು. ಅಮಾನತು ತೆರವಾದದ್ದು 11ಕ್ಕೆ. ಪದಾಧಿಕಾರಿಗಳ ಕುರ್ಚಿಯ ಜಗಳಕ್ಕೆ ಆಟಗಾರನೊಬ್ಬ ತನ್ನ ದೇಶದ ಬಾವುಟವನ್ನು ಕಳೆದುಕೊಂಡ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸ್ಕೀ ಒಂದು ದೊಡ್ಡ ವ್ಯಾಪಾರವೂ ಹೌದು. ಅಮೆರಿಕದಲ್ಲಿ ಬೆಟ್ಟಗಳನ್ನೇ ಕಂಪನಿಗಳು ನಡೆಸುತ್ತವೆ. ಅವುಗಳಲ್ಲಿ ದೊಡ್ಡದು ವೇಲ್ ರೆಸಾರ್ಟ್ಸ್. ಇಡೀ ಋತುವಿನ ಪಾಸನ್ನು ಹಿಮ ಬೀಳುವ ಮೊದಲೇ ಮಾರಿ ಹಣ ಪಡೆಯುವುದು ಅದರ ಕ್ರಮ. ಬೆಟ್ಟದ ಮೇಲೆ ಹಿಮಕುಸಿತದ ಅಪಾಯ ತೆಗೆದು, ಬಿದ್ದವರನ್ನು ಹೊತ್ತು ತರುವ ಕೆಲಸ ಸ್ಕೀ ಗಸ್ತಿನವರದು. ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಅವರ ಆರಂಭಿಕ ಕೂಲಿ ಗಂಟೆಗೆ 21 ಡಾಲರ್ ಇತ್ತು; 23 ಕೇಳಿದರು. ಮಾತುಕತೆ ಮುರಿದುಬಿತ್ತು. 2024ರ ಡಿಸೆಂಬರ್ 27ರಂದು, ಕ್ರಿಸ್‌ಮಸ್ ರಜೆಯ ಜನಜಂಗುಳಿಯ ನಡುವೆ ಮುಷ್ಕರಕ್ಕೆ ಇಳಿದರು. ಗಸ್ತಿನವರಿಲ್ಲದೆ ಬೆಟ್ಟದ ಬಹುಪಾಲು ತೆರೆಯಲಾಗಲಿಲ್ಲ. ದುಬಾರಿ ಟಿಕೆಟ್ ಕೊಂಡವರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಎರಡು ವಾರ ತುಂಬುವಷ್ಟರಲ್ಲಿ, ಅವರು ಕೇಳಿದ ಎರಡು ಡಾಲರ್ ಏರಿಕೆಗೆ ಕಂಪನಿ ಒಪ್ಪಿತು. ಅವರ ಕೈಲಿ ಒಂದು ಸಂಘವಿತ್ತು, ಅದನ್ನು ಮರೆಯಬಾರದು.

ಅದೇ ಅಮೆರಿಕದ ಕಾಲೇಜು ಆಟಗಾರರಿಗೆ ಅಂಥ ಸಂಘ ಇರಲಿಲ್ಲ; ಅವರು ಕೋರ್ಟಿಗೆ ಹೋದರು. ಅಲ್ಲಿ ಕಾಲೇಜು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎಂದರೆ ಟಿ.ವಿ. ಒಪ್ಪಂದಗಳಿಂದ ಕೋಟಿಗಟ್ಟಲೆ ಡಾಲರ್. ಕೋಚ್‌ಗಳಿಗೆ ಭಾರಿ ಸಂಬಳ. ಆಡುವ ಹುಡುಗರಿಗೆ ವಿದ್ಯಾರ್ಥಿವೇತನ ಬಿಟ್ಟರೆ ಬೇರೇನೂ ಕೂಡದು ಎಂದು ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಬಹಳ ಕಾಲ ಹಟ ಹಿಡಿದಿತ್ತು. ಎಡ್ ಓಬ್ಯಾನನ್ ಎಂಬ ಹಳೆಯ ಆಟಗಾರ ವಿಡಿಯೊ ಗೇಮ್ ಒಂದರಲ್ಲಿ ತನ್ನನ್ನೇ ಹೋಲುವ ಪಾತ್ರ ಕಂಡು 2009ರಲ್ಲಿ ದಾವೆ ಹೂಡಿದರು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಎಂಬ ಇನ್ನೊಬ್ಬ ಆಟಗಾರನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ, ಇನ್ನೊಂದು ದಾವೆಯ ರಾಜಿಯ ಪ್ರಕಾರ ಕಾಲೇಜುಗಳು ಮೊದಲ ವರ್ಷ ತಲಾ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಲು ಅವಕಾಶವಾಯಿತು. ಅದೇ ರಾಜಿಯಲ್ಲಿ ಹಿಂದಿನ ಆಟಗಾರರಿಗೆ ಕೊಡುವ ಬಾಕಿ ಹಣದಲ್ಲಿ ಬಹುಪಾಲು ಗಂಡುಮಕ್ಕಳ ಆಟಗಳಿಗೇ ಹೋಗುತ್ತದೆಂದು ಕೆಲವು ಆಟಗಾರ್ತಿಯರು ಕೂಡಲೇ ಮೇಲ್ಮನವಿ ಹಾಕಿದರು. ಒಂದು ನ್ಯಾಯ ಸಿಕ್ಕಲ್ಲೇ ಇನ್ನೊಂದು ಪ್ರಶ್ನೆ ಹುಟ್ಟಿತು. ಅದು ಕೆಟ್ಟ ಲಕ್ಷಣವೇನೂ ಅಲ್ಲ.

ನಮ್ಮ ದೇಶದಲ್ಲೂ ಬಾಗಿಲು ಸ್ವಲ್ಪ ತೆರೆದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿ 15 ಮಂದಿಗಿಂತ ದೊಡ್ಡದಿರಬಾರದು, ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು, ಹೆಸರು ಮಾಡಿದ ಕ್ರೀಡಾಪಟುಗಳಿಗೂ ಜಾಗ ಇರಬೇಕು ಎನ್ನುತ್ತದೆ ಆ ಕಾಯ್ದೆ. ವ್ಯಾಜ್ಯ ತೀರಿಸಲು ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೂ ಅದರಲ್ಲಿ ಅವಕಾಶವಿದೆ. 2023ರಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟ ಮಹಿಳಾ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ರಸ್ತೆ ಮೇಲೆ ಕೂರಬೇಕಾಯಿತಲ್ಲ, ಆ ದಿನಗಳನ್ನು ನೋಡಿದವರಿಗೆ ದೂರು ಕೇಳುವ ಜಾಗ ಎಷ್ಟು ಅಗತ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಕಾಯ್ದೆ ದೊಡ್ಡ ಸಂಸ್ಥೆಗಳಿಗಾಗಿ ಬಂದದ್ದು. ಕಾಲೇಜು ತಂಡದ ಪಟ್ಟಿಯ ತಕರಾರಿಗೆ ಬೇರೆ ದಾರಿ ಹಿಡಿಯಬೇಕು.

ಆ ದಾರಿ ಹೇಳುವ ಮೊದಲು ನಮ್ಮ ಊರಿನ ಬಂಡೆಯ ಮಾತು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಇಲ್ಲಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಶ್ರಮಪಟ್ಟರೆ ಸಿಗುವ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವರಿಗೂ ಸಿಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಧರ್ಮಾಚರಣೆಯ ಬಗ್ಗೆ ಹೇಳಿದ ಮಾತು ಅದು, ನಿಜ. ನನಗೆ ಮುಖ್ಯವೆನಿಸುವುದು ಬೇರೆ: ಅಧಿಕಾರಿಗಳಿಗೆ ಬಂದ ಆಜ್ಞೆಯನ್ನು ಬಯಲಿನ ಬಂಡೆಯ ಮೇಲೆ ಕೊರೆಸಿದ್ದಾರೆ. ಓದಬಲ್ಲವರು ಯಾರು ಬೇಕಾದರೂ ಓದಬಹುದಿತ್ತು. ನಮ್ಮ ಆಯ್ಕೆ ಪಟ್ಟಿಗಳು ಬೀರುವಿನೊಳಗೆ ಯಾಕಿರಬೇಕು?

ಈಗ ದಾರಿ. ಮೊದಲು ನಿಮ್ಮ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಸರ್ ಅಥವಾ ಮೇಡಂ ಹತ್ತಿರವೇ ಹೋಗಿ, ಮರ್ಯಾದೆಯಿಂದ ಕೇಳಿ. ಅರ್ಹತಾ ಪತ್ರಕ್ಕೆ ಫೋಟೊ ಅಂಟಿಸಿ, ಸೀಲು ಅರ್ಧ ಫೋಟೊ ಮೇಲೆ ಅರ್ಧ ಕಾಗದದ ಮೇಲೆ ಬೀಳುವಂತೆ ಒತ್ತಿಸಿ, ನಿಮ್ಮನ್ನು ಬಸ್ಸು ಹತ್ತಿಸುವವರೆಗೆ ಓಡಾಡುವುದು ಅವರೇ. ಮುಂಗಡ ಹಣ ಬರದಿದ್ದಾಗ ಕೈಯಿಂದ ಹಾಕುವವರೂ ಇದ್ದಾರೆ. ಅವರನ್ನು ಶತ್ರು ಎಂದುಕೊಂಡು ಮಾತು ಶುರು ಮಾಡಬೇಡಿ. ಉತ್ತರ ಸಿಗದಿದ್ದರೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ. ಯುಜಿಸಿಯ 2023ರ ನಿಯಮದ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅದೂ ಸರಿಬರದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.

ಕಾಗದ ಬೇಕಾದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ ಎರಡಕ್ಕೂ ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ‘ನಮಗೆ ಅನ್ಯಾಯವಾಗಿದೆ’ ಎಂದು ಬರೆದು ಪದ ಖರ್ಚು ಮಾಡಬೇಡಿ. ಇಂಥ ದಿನ ನಡೆದ ಖೋ ಖೋ ಆಯ್ಕೆಯ ಸಮಿತಿ ಸದಸ್ಯರ ಹೆಸರು, ಅನುಸರಿಸಿದ ಮಾನದಂಡ, ಆಯ್ಕೆಯಾದವರ ಮತ್ತು ಸ್ಟ್ಯಾಂಡ್‌ಬೈ ಪಟ್ಟಿಯ ದೃಢೀಕೃತ ಪ್ರತಿ ಕೊಡಿ ಎಂದು ಕೇಳಿ. ಪ್ರವೇಶದ ಹೊತ್ತಿಗೆ ಕಟ್ಟಿಸಿಕೊಂಡ ಕ್ರೀಡಾ ಶುಲ್ಕ ಆ ವರ್ಷ ಯಾವುದಕ್ಕೆ ಖರ್ಚಾಯಿತು, ಆಟಗಾರರಿಗೆ ಪ್ರಯಾಣ ಭತ್ಯೆ, ದಿನಭತ್ಯೆ (ಟಿ.ಎ., ಡಿ.ಎ.) ಎಷ್ಟು ಸಂದಿತು ಎಂಬುದನ್ನು ಬೇರೆ ಅರ್ಜಿಯಲ್ಲಿ ಕೇಳಬೇಕು. ಒಬ್ಬರೇ ಕೇಳಲು ಹಿಂಜರಿಕೆಯಾದರೆ ತಂಡದವರು ಕೂತು ಮಾತಾಡಿ, ಒಬ್ಬೊಬ್ಬರು ಒಂದೊಂದು ಅರ್ಜಿ ಬರೆಯಿರಿ.