ಟ್ಯಾಂಕಿನ ತಳ ನೋಡಿದೆಯಾ?



ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಿನ್ನ ಬೈಕ್ ರಿಪೇರಿ ಅಂಗಡಿಯ ಗದ್ದಲವೂ ನನ್ನ ಮಂದ ಕಿವಿಯೂ ಸೇರಿ ಅರ್ಧ ಮಾತು ಹಾರಿಹೋಯಿತು. "ಮಾವಾ, ಅದೇ ಸ್ಪ್ಲೆಂಡರ್, ತಿಂಗಳೊಳಗ ಎರಡು ಸಲ ಇಂಜೆಕ್ಟರ್ ತೊಳದೀನಿ, ಮತ್ತ ಬಂದೈತಿ" ಅಂದೆಯಲ್ಲ, ಅದೊಂದು ಮಾತ್ರ ಕಿವಿಯಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ನಿಮ್ಮ ಆಲೂರು, ಹೊಳಗುಂದ, ಆದೋನಿ ಕಡೆ ನಿನ್ನ ಹಾಗೆ ಹೊಸದಾಗಿ ಪಾನಾ ಹಿಡಿದ ಹುಡುಗರು ಯಾರು ಓದಿದರೂ ನನಗೆ ಸಂತೋಷ.

ನಾನು ಪೆಟ್ರೋಲ್ ಗಾಡಿಯವನಲ್ಲ, ನಿನಗೆ ಗೊತ್ತು. ಬಳ್ಳಾರಿಯಲ್ಲಿ ನನ್ನ ಆಯುಷ್ಯ ಕಳೆದದ್ದು ಟ್ರ್ಯಾಕ್ಟರು, ಲಾರಿ, ಪಂಪ್‌ಸೆಟ್ಟುಗಳ ಡೀಸೆಲ್ ನಾಜಲ್ ಮುಂದೆ. 1951ರಲ್ಲಿ ಶುರುವಾದ ಮೈಕೊ ಕಂಪನಿಗೆ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿತು, ಆದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಮೈಕೊ ನಾಜಲ್ಲೇ. ಕಲಿಯುವ ದಿನಗಳಲ್ಲಿ ಒಬ್ಬ ರೈತರ ಟ್ರ್ಯಾಕ್ಟರ್ ನಾಜಲ್ ಬಂತು. ಬಿತ್ತನೆಯ ಹೊತ್ತು, ಅವರಿಗೆ ಅವಸರ, ನನಗೆ ಅವರಿಗಿಂತ ಅವಸರ. ತೂತಿಗೆ ಸಣ್ಣ ತಂತಿ ತೂರಿಸಿ ಕೆದರಿದೆ. ಮಸಿಯೇನೋ ಬಂತು. ಜೊತೆಗೆ ತೂತೂ ಅಗಲವಾಯಿತು. ಮಂಜಿನ ಹಾಗೆ ಬರಬೇಕಾದ ಡೀಸೆಲ್ ನಲ್ಲಿಯ ನೀರಿನಂತೆ ಸುರಿಯತೊಡಗಿತು. ಹೊಸ ನಾಜಲ್ಲಿನ ದುಡ್ಡು ನನ್ನ ಸಂಬಳದಲ್ಲಿ ಮುರಿಯಿತು. ನಿನ್ನ ಪೆಟ್ಟಿಗೆಯಲ್ಲಿ ಕಾರ್ಬೊರೇಟರ್ ಜೆಟ್ ಚುಚ್ಚುವ ತಂತಿ ಇದ್ದೇ ಇರುತ್ತದೆ. ಅದನ್ನು ಇಂಜೆಕ್ಟರಿನ ಹತ್ತಿರ ತರಬೇಡ.

ನಮ್ಮ ಡೀಸೆಲ್ ನಾಜಲ್ಲಿನ ಸೂಜಿ ಎಣ್ಣೆಯ ಒತ್ತಡಕ್ಕೇ ಮೇಲೇಳುತ್ತದೆ, ಅದಕ್ಕೆ ನೂರಾರು ಬಾರ್ ಬೇಕು. ನಿನ್ನ ಬೈಕಿನದು ಹಾಗಲ್ಲ. ಅಲ್ಲಿ ಟ್ಯಾಂಕಿನೊಳಗಿನ ಪಂಪು ಹೆಚ್ಚುಕಡಿಮೆ 3 ಬಾರ್ ಒತ್ತಡ ಕೊಡುತ್ತದೆ. ಸೂಜಿಯನ್ನು ಎತ್ತುವುದು ಕರೆಂಟಿನ ಕಾಯಿಲ್, ಅದಕ್ಕೆ ಅಪ್ಪಣೆ ಕೊಡುವುದು ಇಸಿಯು, ಅಂದರೆ ಗಾಡಿಯ ಪುಟ್ಟ ಕಂಪ್ಯೂಟರು. ಗಾಡಿ 1,500 ಆರ್‌ಪಿಎಂನಲ್ಲಿ ಸುಮ್ಮನೆ ನಿಂತಿದ್ದಾಗಲೂ ಸೆಕೆಂಡಿಗೆ ಹನ್ನೆರಡು ಸಲದ ಮೇಲೆ ಇಂಜೆಕ್ಟರ್ ತೆರೆದು ಮುಚ್ಚುತ್ತದೆ, ಪ್ರತಿ ಸಲ ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಅಳತೆಯ ಪೆಟ್ರೋಲು ಮಂಜಾಗಿ ಬೀಳಬೇಕು. ತುದಿಯಲ್ಲಿ ಒಂದಿಷ್ಟು ಅಂಟು ಕೂತರೂ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ನಿಧಾನದಲ್ಲಿ ಜಗ್ಗುತ್ತದೆ.

ಆದರೆ ಇದೇ ತಕರಾರು ಬೇರೆ ಐದಾರು ಕಾರಣಕ್ಕೂ ಬರುತ್ತದೆ. ಎರೆಮಣ್ಣಿನ ಧೂಳು ತುಂಬಿದ ಏರ್ ಫಿಲ್ಟರ್, ಹಳೇ ಪ್ಲಗ್ಗು, ಸೋತ ಬ್ಯಾಟರಿ, ಇಂಟೇಕ್ ರಬ್ಬರಿನಲ್ಲಿ ಬಿರುಕು, ಥ್ರಾಟಲ್ ಬಾಡಿಯ ಮಸಿ, ಸೋತ ಪಂಪು. ಕೀ ಹಾಕಿದಾಗ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡು ಗುಂಯ್ ಅನ್ನುವ ಸದ್ದು ಬರುತ್ತದೆಯೇ? ಎಂಜಿನ್ ದೀಪ ಆರುತ್ತದೆಯೇ, ಮಿಣುಕುತ್ತದೆಯೇ? ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಟಿಕ್ ಟಿಕ್ ಕೇಳುತ್ತದೆಯೇ? ಪೈಪಿನಲ್ಲಿ ಒತ್ತಡ ಎಷ್ಟಿದೆ? ಇಷ್ಟು ನೋಡಿದ ಮೇಲೆ ಇಂಜೆಕ್ಟರಿನ ಸರದಿ. ಪ್ರತಿ ಸರ್ವೀಸಿಗೂ ಇಂಜೆಕ್ಟರ್ ಕ್ಲೀನಿಂಗ್ ಅಂತ ಬಿಲ್ಲಿನಲ್ಲಿ ಸೇರಿಸುವ ಚಾಳಿ ಈಗ ಎಲ್ಲ ಕಡೆ ಬಂದಿದೆ. ನನಗೆ ಅದು ಸರಿ ಕಾಣುವುದಿಲ್ಲ. ಚೆನ್ನಾಗಿರುವುದನ್ನು ಬಿಚ್ಚಿದರೆ ಓ-ರಿಂಗ್ ಹರಿಯುತ್ತದೆ, ಇಲ್ಲದ ಲೀಕು ಹೊಸದಾಗಿ ಹುಟ್ಟುತ್ತದೆ.

ಬಿಚ್ಚಲೇಬೇಕಾದರೆ ಎಂಜಿನ್ ತಣ್ಣಗಾಗಲಿ. ಪಂಪಿನ ಕನೆಕ್ಟರ್ ಕಿತ್ತು, ಗಾಡಿ ತಾನಾಗಿ ಆರುವವರೆಗೆ ಓಡಿಸು, ಆಗ ಪೈಪಿನ ಒತ್ತಡ ಇಳಿಯುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆ. ಸುತ್ತಲಿನ ಮಣ್ಣನ್ನು ಮೊದಲು ಗಾಳಿ ಹೊಡೆದು ತೆಗೆ, ಇಲ್ಲದಿದ್ದರೆ ಅದು ನೇರ ವಾಲ್ವಿನ ಮೇಲೆ ಬೀಳುತ್ತದೆ. ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇದೆ ಅಂದಿದ್ದೆ. ಪೆಟ್ರೋಲ್ ಪೈಪು ಬಿಚ್ಚುವಾಗ ಅವನ ಕೆಲಸ ನಿಲ್ಲಲಿ, ಅವನು ಬೈದರೂ ಸರಿ. ತೊಳೆಯಲು ಅಲ್ಟ್ರಾಸೋನಿಕ್ ತೊಟ್ಟಿಯೇ ಒಳ್ಳೆಯದು. ತುದಿ ಮಾತ್ರ ಮುಳುಗಲಿ, ಮಶೀನು ಅದನ್ನು ತೆರೆದು ಮುಚ್ಚುತ್ತಿರಲಿ. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಹಿಡಿದುಕೊಂಡು ಕೂರಬೇಡ, ಕಾಯಿಲ್ ಸುಟ್ಟುಹೋಗಬಹುದು. ತಿರುಗಿ ಕೂರಿಸುವಾಗ ಓ-ರಿಂಗ್ ಹೊಸದು, ಅದಕ್ಕೆ ಒಂದು ಹನಿ ಎಂಜಿನ್ ಆಯಿಲ್. ಸ್ಟಾರ್ಟ್ ಮಾಡುವ ಮೊದಲು ಎರಡು ಮೂರು ಸಲ ಕೀ ಹಾಕಿ ತೆಗೆದು, ಎಲ್ಲಾದರೂ ಜಿನುಗುತ್ತದೆಯೇ ಅಂತ ಬೆರಳಾಡಿಸಿ ನೋಡು.

ಇನ್ನೊಂದು ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಾರಿನವರು ನಾಲ್ಕು ಇಂಜೆಕ್ಟರನ್ನು ಸಾಲಾಗಿ ನಿಲ್ಲಿಸಿ, ನಾಲ್ಕು ಗಾಜಿನ ಕೊಳವೆಯಲ್ಲಿ ಯಾವುದು ಕಡಿಮೆ ತುಂಬಿತು ಅಂತ ಹೋಲಿಸುತ್ತಾರೆ. ನಿನ್ನ ಗಾಡಿಗೆ ಇರುವುದೇ ಒಂದು. ಯಾವುದಕ್ಕೆ ಹೋಲಿಸುತ್ತೀ? ಹೆಚ್ಚು ಬರುವ ಮಾಡಲ್ಲಿನ ಒಂದು ಒಳ್ಳೆಯ ಇಂಜೆಕ್ಟರನ್ನು ಕೊಂಡು, ಅಳತೆಯ ಕಲ್ಲಿನ ಹಾಗೆ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೋ. ತೊಳೆಯುವ ಮೊದಲೊಮ್ಮೆ, ತೊಳೆದ ಮೇಲೊಮ್ಮೆ ಅದರ ಪಕ್ಕ ನಿಲ್ಲಿಸಿ ಅಳೆ. ಗಿರಾಕಿಯ ಕಣ್ಣೆದುರೇ ಅಳೆದರೆ ಇನ್ನೂ ಒಳ್ಳೆಯದು.

ಈಗ ನಿನ್ನ ಸ್ಪ್ಲೆಂಡರಿಗೆ ಬರುತ್ತೇನೆ. ಇಂಜೆಕ್ಟರ್ ಇರುವ ಗಾಡಿ ಹೊಸದಲ್ಲ, 2006ರಲ್ಲೇ ಹೀರೋ ಹೋಂಡಾ ಗ್ಲಾಮರ್‌ನಲ್ಲಿ ಅಂಥದ್ದೊಂದನ್ನು ತಂದಿತ್ತು. ಆದರೆ 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆಯೇ ಅದು ಹೊಲಕ್ಕೆ ಹೋಗುವ ಗಾಡಿಗೂ ಬಂದದ್ದು. ಗಾಡಿ ಬದಲಾಯಿತು, ನಮ್ಮ ಪೆಟ್ರೋಲಿನ ರೂಢಿ ಬದಲಾಗಲಿಲ್ಲ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಟ್ಟರು. ಆ ಗೆರೆ ದಾಟಿ ನಮ್ಮ ಕರ್ನಾಟಕದ ಕಡೆ ಪೆಟ್ರೋಲು ಹಾಕಿಸಿದರೆ ಈಗ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ. ಹಾಗಾಗಿ ನಮ್ಮ ಕಡೆಯ ಬಂಕಿನ ಪೆಟ್ರೋಲು ಕ್ಯಾನಿನಲ್ಲಿ ನಿಮ್ಮ ಕಡೆಗೆ ಬರುತ್ತದೆ, ಕಿರಾಣಿ ಅಂಗಡಿಯ ಮುಂದೆ ನೀರಿನ ಬಾಟಲಿಯಲ್ಲಿ ನಿಲ್ಲುತ್ತದೆ. ಬಾಟಲಿ ತೊಳೆದದ್ದು ನೀರಿನಲ್ಲಿ, ಒಣಗಿಸಿದವರು ಯಾರೂ ಇಲ್ಲ. ಮುಚ್ಚಳದ ಮೇಲೆ ಧೂಳು. ಕಾರ್ಬೊರೇಟರ್ ಇದ್ದಾಗ ಬೌಲಿನ ಸ್ಕ್ರೂ ತಿರುಗಿಸಿ ನೀರು ಬಿಟ್ಟರೆ ಮುಗಿಯಿತು. ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸುತ್ತಾರೆ, ಅದಕ್ಕೆ ನೀರೆಂದರೆ ಪ್ರೀತಿ. ಒಂದು ಮಟ್ಟದವರೆಗೆ ಹೀರಿಕೊಳ್ಳುತ್ತದೆ, ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದು ತಳದಿಂದಲೇ.

ಎರಡನೆಯ ಕಾರಣ ಸುಗ್ಗಿ. ಕೊಯಿಲು ಮುಗಿದ ಮೇಲೆ ನಿಮ್ಮ ಕಡೆಯ ಎಷ್ಟೋ ಮನೆಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗುತ್ತವೆ. ಗಾಡಿ ಅಂಗಳದ ತಗಡಿನ ಕೆಳಗೆ ತಿಂಗಳುಗಟ್ಟಲೆ ಬಿಸಿಲು ಕಾಯುತ್ತದೆ. ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಇಂಜೆಕ್ಟರಿನ ತುದಿಗೆ ಕೂರುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ಬೆವರಿ ತುಕ್ಕು ಹಿಡಿಯುತ್ತದೆ. ನೀನು ಹೇಳಿದ ಗಾಡಿಯೂ ಗುಂಟೂರಿನಿಂದ ವಾಪಸ್ಸು ಬಂದವರದ್ದೇ ಅಲ್ಲವೇ? ಹಾಗಿದ್ದರೆ ನೀನು ಎರಡು ಸಲ ತೊಳೆದದ್ದು ಬಾಗಿಲನ್ನು ಮಾತ್ರ, ಕಸ ಇರುವುದು ಮನೆಯೊಳಗೆ. ಹೊರಡುವ ಮೊದಲು ನಿನ್ನ ಅಂಗಡಿಗೆ ಬಂದು ಹೋಗಿ ಅಂತ ಊರಲ್ಲಿ ಹೇಳಿಡು. ಟ್ಯಾಂಕು, ಪಂಪು ಖಾಲಿ ಮಾಡಿ, ಒಳಗೋಡೆ ತುಕ್ಕು ಹಿಡಿಯದಂತೆ ನೋಡಿ, ಬ್ಯಾಟರಿ ವೈರ್ ತೆಗೆದು ಕಳಿಸಿದರೆ ನಿನಗೆ ನೂರೋ ಇನ್ನೂರೋ ಸಿಗುತ್ತದೆ, ಅವರಿಗೆ ಕೂಲಿಯ ದುಡ್ಡು ರಿಪೇರಿಗೆ ಹೋಗುವುದು ತಪ್ಪುತ್ತದೆ. ಇಡೀ ಸುಗ್ಗಿ ಬಾಗಿ ಬಾಗಿ ದುಡಿದ ದುಡ್ಡು ಅದು, ಬಿಲ್ಲು ಬರೆಯುವಾಗ ಅದೊಂದು ನೆನಪಿರಲಿ.

ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರ ಆರಾಧನೆಗೆ ಚಿಪ್ಪಗಿರಿಗೆ ಬರುತ್ತೇನೆ. ಅಕ್ಕನಿಗೆ ಹೇಳು, ಎರಡು ದಿನ ಇರುತ್ತೇನೆ. ಅಷ್ಟರವರೆಗೆ ಕಾಯಬೇಡ. ನಾಳೆಯೇ ಆ ಸ್ಪ್ಲೆಂಡರಿನ ಟ್ಯಾಂಕ್ ಇಳಿಸಿ, ತಳದಲ್ಲಿದ್ದದ್ದನ್ನು ಒಣಗಿದ ಗಾಜಿನ ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಒಲೆ ದೀಪಗಳಿಂದ ದೂರ ರಾತ್ರಿಯಿಡೀ ಇಡು. ಬೆಳಿಗ್ಗೆ ಎಷ್ಟು ಪದರ ಕಾಣಿಸಿತು, ತಳದಲ್ಲಿ ಕೆಂಪು ಪುಡಿ ಇತ್ತೋ ಇಲ್ಲವೋ, ನನಗೆ ಫೋನ್ ಮಾಡಿ ಹೇಳು. ಸ್ವಲ್ಪ ಜೋರಾಗಿ.

ನಿನ್ನ ಸೋದರಮಾವ,
ಬಳ್ಳಾರಿ