ವಯೋಲಾ ಹೂವಿನ ಬಿತ್ತನೆಯ ಕಾಲ

ಮೊದಲ ಮಳೆ ಬಿದ್ದೊಡನೆ ಬೀಜ ಹಾಕುವುದು ನಾವು ಊರಿನಿಂದ ತಂದ ರೂಢಿ. ವಯೋಲಾಕ್ಕೆ ಅದು ಸಲ್ಲದು. ಜೂನಿನಲ್ಲಿ ಬಿತ್ತಿದರೆ ಪೊಟ್ಟಣದ ದುಡ್ಡು ನೀರುಪಾಲು. ಹೂವಿನ ಹಿಂದೆ ಚಿಕ್ಕ ಕೊಂಬುಳ್ಳ ಈ ಗಿಡದ ತವರು ಫ್ರಾನ್ಸ್-ಸ್ಪೇನ್ ಗಡಿಯ ಪಿರನೀಸ್ ಪರ್ವತ. ಅದಕ್ಕೆ ತಂಪು ಬೇಕು. ಧಾರವಾಡ, ವಿಜಾಪುರ ಕಡೆಯವರಿಗೆ ಹೇಳುವುದಾದರೆ, ಕಡಲೆಯಂತೆ ಇದೂ ಹಿಂಗಾರಿಯದು.

ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮಳೆ ಹಿಂದೆಗೆದ ಮೇಲೂ ಅಕ್ಟೋಬರದ ಬಿಸಿಲು ಬಲು ಚುರುಕು. ಆದುದರಿಂದ ಆ ತಿಂಗಳ ಕೊನೆಯಲ್ಲಿ, ನೆರಳಿನಲ್ಲಿ ಬಿತ್ತಬೇಕು. ಬೀಜ ಮೊಳೆಯಲು ಕತ್ತಲೆ ಹಿತ; ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಒದ್ದೆ ಗೋಣಿ ಹಾಸಿರಿ. ಸುಮಾರು 2 ವಾರಕ್ಕೆ ಮೊಳಕೆ ಕಾಣುವುದು. ಕಂಡ ದಿನವೇ ಗೋಣಿ ತೆಗೆಯಿರಿ, ತಡವಾದರೆ ಸಸಿ ಬಿಳಿಚಿ ಸೊರಗುತ್ತದೆ. ಡ್ಯೂಟಿಗೆ ಹೊರಡುವ ಮುನ್ನ ಒಮ್ಮೆ ನೋಡುವ ಅಭ್ಯಾಸವಿರಲಿ. 4-5 ಎಲೆ ಬಂದ ಮೇಲೆ, ಡಿಸೆಂಬರದ ಆರಂಭಕ್ಕೆ, ಕುಂಡಕ್ಕೆ ನೆಡಿರಿ. ಬುಡದಲ್ಲಿ ನೀರು ನಿಲ್ಲಬಾರದು. ಗ್ಯಾಲರಿಯ ಬೆಳಗಿನ ಬಿಸಿಲು ಸಾಕು.

ಜನವರಿ ಕೊನೆಯಿಂದ ಹೂ. ಬಾಡಿದ್ದನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುವುದು. ಮಾರ್ಚಿನ ಸೆಕೆಗೆ ಗಿಡ ಸೋಲುತ್ತದೆ; ನೀರು ಹೆಚ್ಚಿಸಿ ಫಲವಿಲ್ಲ. ಡಿಸೆಂಬರದಲ್ಲಿ ನೆನಪಾದವರು ಬೀಜ ಕೊಳ್ಳದೆ ನರ್ಸರಿಯ ಸಸಿಯನ್ನೇ ತರುವುದು ಲೇಸೆಂದು ನಮ್ಮ ಅಭಿಪ್ರಾಯ.